ಬಾರುಕೋಲು ಮತ್ತು ಮೇವು



ಕಲ್ಯಾಣದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಕೇಳದವರು ವಿರಳ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಬಂದ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುತ್ತಿದ್ದರು. ಒಂದು ದಿನ ಅವರು ತಂದ ಅಕ್ಕಿ ನಿತ್ಯದ ಅಳತೆಗಿಂತ ಹೆಚ್ಚಾಗಿತ್ತು. ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಹೆಚ್ಚಿನದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಮರಳಿ ಕಳಿಸಿದರು. ಪ್ರವಚನಗಳಲ್ಲಿ ಈ ಪ್ರಸಂಗವನ್ನು ಸಂಗ್ರಹಬುದ್ಧಿಯ ನಿರಾಕರಣೆಗೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಅದು ಸರಿಯೇ. ಆದರೆ ಆ ಹೆಚ್ಚಿನ ಅಕ್ಕಿಯ ಹಿಂದೆ ಹೆಚ್ಚು ಹೊತ್ತು ಬಾಗಿದ ಬೆನ್ನೊಂದು ಇತ್ತೆಂಬುದನ್ನು ಪ್ರವಚನಕಾರರು ಅಷ್ಟಾಗಿ ಗಮನಿಸುವುದಿಲ್ಲ. ಲಕ್ಕಮ್ಮನವರು ಅಕ್ಕಿಯ ಜೊತೆಗೆ ಕಾಯಕವನ್ನೂ ಅಳೆದರು.

ಕಾಯಕದಲ್ಲಿ ಮಗ್ನನಾದವನಿಗೆ ಪೂಜೆಯೂ ಎರಡನೆಯದಾಗಬೇಕೆಂಬ ಆಶಯದ ಮಾರಯ್ಯನವರ ವಚನ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಆ ವಚನವನ್ನು ಧಾರವಾಡದ ಒಂದು ಪ್ರಸಾದ ನಿಲಯದಲ್ಲಿದ್ದ ಯುವಕನೊಬ್ಬ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ತನ್ನ ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದ. ಸವದತ್ತಿ ತಾಲೂಕಿನ ಒಣಬೇಸಾಯದ ಮನೆತನ ಅವನದು. ತಂದೆಗೆ ಆರು ಎಕರೆ ಎರೆಹೊಲ, ಒಂದು ಜೊತೆ ಎತ್ತು. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳ ಸಿದ್ಧತೆಗೆಂದು ಬಂದು ಮೂರನೆಯ ವರ್ಷ ನಡೆಯುತ್ತಿತ್ತು. ಎರಡು ಸಲ ಪೂರ್ವಭಾವಿ ಪರೀಕ್ಷೆಯಲ್ಲಿಯೇ ಕೆಲವು ಅಂಕಗಳಿಂದ ಉಳಿದುಹೋಗಿದ್ದ. ಮೂರನೆಯದಕ್ಕೂ ಹಣ ಕೊಡುವೆನೆಂದು ತಂದೆ ಒಪ್ಪಿದ್ದರು. ನಾಲ್ಕನೆಯದರ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ತಂಗಿಯ ಮದುವೆಯ ಮಾತೂ ಅಲ್ಲಿಗೇ ನಿಂತಿತ್ತು.

ಧಾರವಾಡದ ಸಪ್ತಾಪುರದ ಸುತ್ತಮುತ್ತ ಇಂತಹ ಯುವಕ ಯುವತಿಯರ ಒಂದು ಊರೇ ಇದೆ. ತರಬೇತಿ ಕೇಂದ್ರಗಳು, ಬಾಡಿಗೆಯ ಓದುಕೋಣೆಗಳು, ಝೆರಾಕ್ಸ್ ಅಂಗಡಿಗಳು, ರಾತ್ರಿ ಬಹಳ ಹೊತ್ತಿನವರೆಗೆ ತೆರೆದಿರುವ ಚಹಾದಂಗಡಿಗಳು. ಆ ಅಂಗಡಿಗಳ ತಂಪುಪೆಟ್ಟಿಗೆಯಲ್ಲಿ ನೀರಿನ ಬಾಟಲಿಗಳ ಪಕ್ಕದಲ್ಲಿಯೇ ಕೆಂಪು, ಹಳದಿ ಬಣ್ಣದ ಸಣ್ಣ ಬಾಟಲಿಗಳು ನಿಂತಿರುತ್ತವೆ. ಬೆಲೆ 20 ರೂಪಾಯಿ. ಜನ ಅದನ್ನು ಎನರ್ಜಿ ಡ್ರಿಂಕ್ ಎನ್ನುತ್ತಾರೆ. ಮೊದಮೊದಲು ಲೋಹದ ಡಬ್ಬಿಯಲ್ಲಿ, ನೂರು ರೂಪಾಯಿಯ ಆಸುಪಾಸಿನ ಬೆಲೆಗೆ ನಗರದ ದೊಡ್ಡ ಅಂಗಡಿಗಳಲ್ಲಿ ಮಾತ್ರ ದೊರೆಯುತ್ತಿದ್ದ ಈ ಪೇಯ ಚಹಾದಂಗಡಿಗೆ ಇಳಿದದ್ದು ಇತ್ತೀಚಿನ ವರ್ಷಗಳಲ್ಲಿ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ರಾತ್ರಿಯಿಡೀ ಸಾಲುಗಟ್ಟಿ ನಿಲ್ಲುವ ಟ್ರ್ಯಾಕ್ಟರ್ ಚಾಲಕರ ಕೈಯಲ್ಲಿಯೂ ಇಂದು ಅದು ಕಾಣುತ್ತದೆ.

ಯುವಕ ಮೊದಲು ವಾರಕ್ಕೊಂದು ಕುಡಿದ. ಪರೀಕ್ಷೆ ಸಮೀಪಿಸಿದಂತೆ ರಾತ್ರಿಗೆ ಒಂದಾಯಿತು, ಆ ಬಳಿಕ ಎರಡು, ಕಡೆಯ ತಿಂಗಳಲ್ಲಿ ಮೂರು. ಓದು ತನ್ನ ಕಾಯಕ, ಕಾಯಕಕ್ಕಾಗಿ ನಿದ್ರೆಯನ್ನು ಬಿಟ್ಟರೆ ತಪ್ಪೇನು ಎಂಬುದು ಅವನ ತರ್ಕವಾಗಿತ್ತು. ಗೋಡೆಯ ಮೇಲಿನ ಮಾರಯ್ಯನವರ ವಚನವನ್ನು ಅವನು ಹೀಗೆ ಅರ್ಥಮಾಡಿಕೊಂಡಿದ್ದ. ಈ ತರ್ಕವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಅದರಲ್ಲಿ ಶ್ರದ್ಧೆಯಿದೆ. ಸೋಮಾರಿಯಾದವನಿಗೆ ಇಂತಹ ಪೇಯದ ಹಂಗು ಬೀಳುವುದೇ ಇಲ್ಲ. ಬೀಳುವುದು ದುಡಿಯುವವನಿಗೆ.

ಹಾಗಾದರೆ ಆ ಬಾಟಲಿಯಲ್ಲಿ ಇರುವುದೇನು? ನೀರು, ಸಕ್ಕರೆ, ಹುಳಿ, ಬಣ್ಣ, ಕೆಲವು ಬಿ ಜೀವಸತ್ವಗಳು, ಟಾರಿನ್ ಎಂಬ ವಸ್ತು ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಕೆಫೀನ್. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2016ರಲ್ಲಿ ರೂಪಿಸಿದ ಮಾನದಂಡದಂತೆ ಕೆಫೀನ್‌ಯುಕ್ತ ಪೇಯದ ಒಂದು ಲೀಟರಿನಲ್ಲಿ ಕೆಫೀನಿನ ಪ್ರಮಾಣ 145 ಮಿಲಿಗ್ರಾಂಗಿಂತ ಕಡಿಮೆಯಿರಬಾರದು, 300 ಮಿಲಿಗ್ರಾಂ ಮೀರಬಾರದು. ಅಂದರೆ 250 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಹೆಚ್ಚೆಂದರೆ 75 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿ ದಿನವೊಂದಕ್ಕೆ 300 ಮಿಲಿಗ್ರಾಂ ಕೆಫೀನ್ ಮಿತಿಯೆಂದು ಹೇಳುತ್ತದೆ. ಅದೇ ಮಾರ್ಗಸೂಚಿಯ ಲೆಕ್ಕದಲ್ಲಿ 150 ಮಿಲಿಲೀಟರಿನ ಒಂದು ಲೋಟ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ.

ಈ ಅಂಕಿಗಳನ್ನು ಕಂಡವರು, ಹಾಗಾದರೆ ಬಾಬಾ ಬುಡನ್‌ಗಿರಿಯ ಕಾಫಿಯೇ ಇದಕ್ಕಿಂತ ಹೆಚ್ಚಲ್ಲವೇ, ಬಾಟಲಿಯನ್ನು ಮಾತ್ರ ದೂರುವುದೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಕಾಫಿ ಬಿಸಿಯಾಗಿರುತ್ತದೆ, ಕಹಿಯಾಗಿರುತ್ತದೆ. ಅದನ್ನು ಗುಟುಕು ಗುಟುಕಾಗಿ ಕುಡಿಯಬೇಕು. ತಂಪಾದ, ಸಿಹಿಯಾದ ಬಾಟಲಿ ಎರಡು ನಿಮಿಷದಲ್ಲಿ ಬರಿದಾಗುತ್ತದೆ, ಇನ್ನೊಂದನ್ನು ಕೇಳುತ್ತದೆ. ಕಾಫಿಯ ಕಹಿಯೇ ಮಕ್ಕಳನ್ನು ದೂರವಿಡುತ್ತದೆ. ಇದರ ಸಿಹಿ ಅವರನ್ನು ಕರೆಯುತ್ತದೆ. ಅಲ್ಲದೆ ಬಾಟಲಿ ಕುಡಿಯುವವನು ಕಾಫಿ, ಚಹಾ ಬಿಟ್ಟಿರುತ್ತಾನೆಯೆ? ಈ ಯುವಕನೂ ಬಿಟ್ಟಿರಲಿಲ್ಲ. ಮೂರು ಬಾಟಲಿ, ಮೂರು ಚಹಾ, ಒಂದು ಕಾಫಿ ಎಂದರೆ ಅವನ ದಿನದ ಲೆಕ್ಕ 400 ಮಿಲಿಗ್ರಾಂ ದಾಟುತ್ತಿತ್ತು.

ಇನ್ನು ಸಕ್ಕರೆ. ಹೆಸರಾಂತ ರೆಡ್ ಬುಲ್ ಡಬ್ಬಿಯಲ್ಲಿ 250 ಮಿಲಿಲೀಟರಿಗೆ 27 ಗ್ರಾಂ ಸಕ್ಕರೆಯಿದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯಂತೆ ಸೇರಿಸಿದ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂಗೆ ಇಳಿಸಿದರೆ ಒಳಿತು. ಒಂದು ಡಬ್ಬಿಯಲ್ಲಿಯೇ ಆ ದಿನದ ಲೆಕ್ಕ ಮುಗಿಯಿತು. ಈ ಪೇಯಗಳಲ್ಲಿ ನಿಜವಾಗಿ ಶಕ್ತಿ ಎನ್ನಬಹುದಾದದ್ದು ಈ ಸಕ್ಕರೆ ಒಂದೇ. ಒಂದು ಡಬ್ಬಿಗೆ ನೂರು ಕ್ಯಾಲೊರಿಗಿಂತ ತುಸು ಹೆಚ್ಚು. ಒಂದು ಜೋಳದ ರೊಟ್ಟಿ ಅದಕ್ಕಿಂತ ಹೆಚ್ಚು ಕೊಡುತ್ತದೆ, ನಿಧಾನವಾಗಿ ಕೊಡುತ್ತದೆ.

ಉಳಿದದ್ದೆಲ್ಲ ಶಕ್ತಿಯಲ್ಲ. ಇಲ್ಲಿಯೇ ವಿಷಯದ ಮರ್ಮವಿರುವುದು. ಮನುಷ್ಯ ಎಚ್ಚರವಾಗಿದ್ದಷ್ಟು ಹೊತ್ತೂ ಅವನ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸಂಗ್ರಹವಾಗುತ್ತಾ ಹೋಗುತ್ತದೆ. ಅದು ನರಕೋಶಗಳ ಮೇಲಿರುವ ಗ್ರಾಹಕಗಳಲ್ಲಿ ಕುಳಿತಾಗ ಆಯಾಸ ತಿಳಿಯುತ್ತದೆ, ಕಣ್ಣು ಭಾರವಾಗುತ್ತದೆ. ಕೆಫೀನಿನ ರೂಪ ಅಡೆನೊಸಿನ್ ಅನ್ನು ಹೋಲುವುದರಿಂದ ಅದು ಆ ಗ್ರಾಹಕಗಳಲ್ಲಿ ತಾನೇ ಹೋಗಿ ಕುಳಿತುಬಿಡುತ್ತದೆ. ಮನೆಗೆ ಜಂಗಮ ಬಂದಿದ್ದಾನೆ, ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾನೆ. ಆದರೆ ಇನ್ನೊಬ್ಬನು ಹೊಸ್ತಿಲಲ್ಲಿ ಕುಳಿತು, ಒಳಗಿನವರಿಗೆ ಕರೆ ಕೇಳದಂತೆ ಮಾಡಿದ್ದಾನೆ. ಬಂದವನು ಮರಳಿ ಹೋಗುವುದಿಲ್ಲ. ಅವನ ಹಿಂದೆ ಇನ್ನಷ್ಟು ಜನ ಬಂದು ಸೇರುತ್ತಾರೆ. ಹೊಸ್ತಿಲಲ್ಲಿ ಕುಳಿತವನು ಎದ್ದ ಕ್ಷಣ ಎಲ್ಲರೂ ಒಮ್ಮೆಗೇ ಒಳನುಗ್ಗುತ್ತಾರೆ. ಬಾಟಲಿಯ ಪ್ರಭಾವ ಇಳಿದಾಗ ಬರುವ ಕುಸಿತದ ಮುಖ್ಯ ಕಾರಣ ಇದೇ. ಆಯಾಸ ಎಲ್ಲಿಯೂ ಹೋಗಿರಲಿಲ್ಲ, ಅದರ ಸುದ್ದಿಯಷ್ಟೇ ತಡೆದಿತ್ತು.

ಅದು ಇಳಿಯುವುದೂ ನಿಧಾನ. ಆರೋಗ್ಯವಂತರಲ್ಲಿ ಸೇವಿಸಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು; ಗರ್ಭಿಣಿಯರಲ್ಲಿ ಇನ್ನೂ ಬಹಳ ಹೆಚ್ಚು. ರಾತ್ರಿ 11ಕ್ಕೆ ಎರಡು ಬಾಟಲಿ ಕುಡಿದವನ ದೇಹದಲ್ಲಿ ಬೆಳಗಿನ 4ಕ್ಕೆ ಒಂದು ಬಾಟಲಿಯಷ್ಟು ಉಳಿದಿರುತ್ತದೆ. ಅವನು ಪುಸ್ತಕ ಮುಚ್ಚಿ ಮಲಗುವುದು ಆ ಹೊತ್ತಿಗೇ. ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಸೇವಿಸಿದವರ ನಿದ್ರೆ ಒಂದು ಗಂಟೆಗಿಂತ ಹೆಚ್ಚು ಕಡಿಮೆಯಾಯಿತು.

ವಿದ್ಯಾರ್ಥಿಗಳಿಗೆ ಇದರಲ್ಲಿ ವಿಶೇಷವಾದ ನಷ್ಟವಿದೆ. ಹಗಲು ಓದಿದ್ದು ಗಟ್ಟಿಯಾಗಿ ನೆಲೆಗೊಳ್ಳುವುದರಲ್ಲಿ ನಿದ್ರೆಯ ಪಾತ್ರ ದೊಡ್ಡದು. 1924ರಷ್ಟು ಹಿಂದೆಯೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಸಂಶೋಧಕರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಕಂಠಪಾಠ ಮಾಡಿಸಿ ಪರೀಕ್ಷಿಸಿದ್ದರು. ಕಲಿತ ಬಳಿಕ ಎಚ್ಚರವಿದ್ದಾಗಿಗಿಂತ ಮಲಗಿದ್ದಾಗ ಅವರು ಮರೆತದ್ದು ಕಡಿಮೆ. ಆ ಬಳಿಕ ಬಂದ ಅಸಂಖ್ಯ ಅಧ್ಯಯನಗಳು ಆ ಮಾತನ್ನು ವಿಸ್ತರಿಸಿವೆ. ನಿದ್ರೆಯನ್ನು ಕದ್ದು ಓದುವವನು ರಾಶಿ ಮಾಡಿದ ಕಾಳನ್ನು ಹಗೇವಿಗೆ ತುಂಬದೆ ಕಣದಲ್ಲಿಯೇ ಬಿಟ್ಟು ಮತ್ತೆ ಕೊಯ್ಲಿಗೆ ಹೋದಂತೆ.

ಪ್ರಸಾದ ನಿಲಯದಲ್ಲಿ ಈ ಪೇಯದ ಬಗ್ಗೆ ಬೇರೊಂದು ವಾದವೂ ನಡೆದಿತ್ತು. ಅದರಲ್ಲಿ ಎತ್ತಿನ ದೇಹದಿಂದ ತೆಗೆದ ವಸ್ತುವಿದೆ, ಲಿಂಗವಂತರು ಮುಟ್ಟಬಾರದು ಎಂದು ಕೆಲವರು ಹೇಳುತ್ತಿದ್ದರು. ಈ ಮಾತಿಗೆ ಮೂಲ ಟಾರಿನ್ ಎಂಬ ಹೆಸರು. 1827ರಲ್ಲಿ ಜರ್ಮನಿಯ ಇಬ್ಬರು ವಿಜ್ಞಾನಿಗಳು ಅದನ್ನು ಮೊದಲು ಬೇರ್ಪಡಿಸಿದ್ದು ಎತ್ತಿನ ಪಿತ್ತರಸದಿಂದ. ಲ್ಯಾಟಿನ್ ಭಾಷೆಯಲ್ಲಿ ವೃಷಭಕ್ಕೆ ಟಾರಸ್ ಎನ್ನುವುದರಿಂದ ಆ ಹೆಸರು ಬಂತು. ಆದರೆ ಮನುಷ್ಯನ ದೇಹವೂ ಅದನ್ನು ತಯಾರಿಸಿಕೊಳ್ಳುತ್ತದೆ, ಪೇಯಗಳಲ್ಲಿ ಬಳಸುವುದು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸಿದ್ದು. ಆದುದರಿಂದ ಆ ಆಕ್ಷೇಪಕ್ಕೆ ಹುರುಳಿಲ್ಲ. ಅರಿವನ್ನೇ ಗುರುವಾಗಿಸಿಕೊಂಡ ಪರಂಪರೆಯವರು ಒಂದು ವಸ್ತುವನ್ನು ಬಿಡುವುದಾದರೆ ನಿಜವಾದ ಕಾರಣಕ್ಕೆ ಬಿಡಬೇಕು. ಗಾಳಿಸುದ್ದಿಯಿಂದ ಬಿಟ್ಟದ್ದನ್ನು ಗಾಳಿಸುದ್ದಿಯೇ ಮತ್ತೆ ಹಿಡಿಸುತ್ತದೆ.

ಎತ್ತಿನ ನಂಟು ಮಾತ್ರ ಈ ಪೇಯಕ್ಕೆ ಇನ್ನೊಂದು ಬಗೆಯಲ್ಲಿದೆ. ಜಪಾನಿನಲ್ಲಿ 1962ರಲ್ಲಿ ಟಾರಿನ್ ಬೆರೆಸಿದ ಲಿಪೊವಿಟಾನ್ ಎಂಬ ಸಣ್ಣ ಬಾಟಲಿಯ ಟಾನಿಕ್ ಬಂತು. ಥಾಯ್ಲೆಂಡಿನಲ್ಲಿ 1970ರ ದಶಕದಲ್ಲಿ ಚಲಿಯೊ ಯೂವಿಧ್ಯ ಎಂಬುವರು ಕ್ರಾಟಿಂಗ್ ಡೇಂಗ್ ಎಂಬ ಪೇಯವನ್ನು ಹೊರತಂದರು. ಕೆಂಪು ಕಾಟಿ ಎಂದು ಆ ಹೆಸರಿನ ಅರ್ಥ. ಲಾರಿ ಚಾಲಕರೂ ಕೂಲಿಕಾರರೂ ಅದರ ಮೊದಲ ಗಿರಾಕಿಗಳು. ಅದನ್ನು ಕಂಡ ಆಸ್ಟ್ರಿಯಾದ ಡೀಟ್ರಿಕ್ ಮಾಟೆಶಿಟ್ಸ್ ಅವರು ಚಲಿಯೊ ಅವರೊಡನೆ ಸೇರಿ 1987ರಲ್ಲಿ ತಮ್ಮ ದೇಶದಲ್ಲಿ ರೆಡ್ ಬುಲ್ ಎಂಬ ಹೆಸರಿನಿಂದ ಮಾರಾಟಕ್ಕಿಟ್ಟರು. ದುಡಿಯುವ ದೇಹವನ್ನು ಇನ್ನಷ್ಟು ದುಡಿಸುವ ವಸ್ತುವಾಗಿ ಹುಟ್ಟಿದ್ದು, ಬಳಿಕ ಆಟ ವಿನೋದಗಳ ವೇಷ ತೊಟ್ಟಿತು.

ಪರೀಕ್ಷೆಗೆ ಹನ್ನೆರಡು ದಿನಗಳಿದ್ದಾಗ ಒಂದು ರಾತ್ರಿ ಯುವಕನ ಎದೆ ಜೋರಾಗಿ ಬಡಿದುಕೊಳ್ಳತೊಡಗಿತು. ಬಡಿತ ನಡುನಡುವೆ ತಪ್ಪಿದಂತೆಯೂ ತೋರಿತು. ಕೈಕಾಲು ತಣ್ಣಗಾಗಿ ಬೆವರು ಬಂತು. ಜೊತೆಯ ಹುಡುಗರು ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ನಾಡಿ ನಿಮಿಷಕ್ಕೆ 128 ಇತ್ತು. ಇಸಿಜಿಯಲ್ಲಿ ವೇಗದ ಹೊರತು ಬೇರೆ ದೋಷ ಕಾಣಲಿಲ್ಲ. ಬೆಳಗಾಗುವ ಹೊತ್ತಿಗೆ ಎಲ್ಲ ಶಾಂತವಾಯಿತು. ವೈದ್ಯರು ಏನು ತಿಂದೆ, ಏನು ಕುಡಿದೆ ಎಂದು ಕೇಳಿ, ಉತ್ತರ ಕೇಳಿದ ಮೇಲೆ, ಬಾಟಲಿಯ ಮೇಲೆ ಬರೆದದ್ದನ್ನು ಎಂದಾದರೂ ಓದಿದ್ದೀಯಾ ಎಂದರು. ಸಾವಿರಾರು ಪುಟ ಓದಿದ ಯುವಕ ಅದನ್ನು ಓದಿರಲಿಲ್ಲ. ಕೆಫೀನ್ ಅಧಿಕವಾಗಿದೆ, ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಕೆಫೀನ್ ಒಗ್ಗದವರು ಸೇವಿಸತಕ್ಕದ್ದಲ್ಲ, ದಿನಕ್ಕೆ 500 ಮಿಲಿಲೀಟರ್ ಮೀರಬಾರದು. ಇಷ್ಟನ್ನೂ ಮುದ್ರಿಸಬೇಕೆಂದು ನಿಯಮವಿದೆ. ಮುದ್ರಿಸಿಯೂ ಇರುತ್ತಾರೆ, ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ.

ಹೃದಯದ ಮೇಲೆ ಈ ಪೇಯಗಳು ಮಾಡುವ ಪರಿಣಾಮ ಊಹೆಯ ಮಾತಲ್ಲ. 2019ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ 34 ಆರೋಗ್ಯವಂತ ಯುವಜನರಿಗೆ ಸುಮಾರು 946 ಮಿಲಿಲೀಟರ್ ಪೇಯವನ್ನು ಒಂದು ಗಂಟೆಯೊಳಗೆ ಕುಡಿಸಿ ಪರೀಕ್ಷಿಸಲಾಯಿತು. ಅವರ ರಕ್ತದೊತ್ತಡ ಏರಿತು. ಹೃದಯದ ವಿದ್ಯುತ್ ಚಟುವಟಿಕೆಯಲ್ಲಿ ಕ್ಯೂಟಿ ಎಂದು ಕರೆಯುವ ಅವಧಿ ದೀರ್ಘವಾಯಿತು, ನಾಲ್ಕು ಗಂಟೆಗಳ ಬಳಿಕವೂ ಆ ವ್ಯತ್ಯಾಸ ಉಳಿದಿತ್ತು. ಆ ಅವಧಿ ಅತಿಯಾಗಿ ಹಿಗ್ಗಿದರೆ ಹೃದಯದ ಲಯ ಅಪಾಯಕರವಾಗಿ ತಪ್ಪಬಹುದು. ಅಧ್ಯಯನ ಚಿಕ್ಕದು, ಕುಡಿಸಿದ ಪ್ರಮಾಣ ದೊಡ್ಡದು, ನಿಜ. ಒಂದು ಬಾಟಲಿ ಕುಡಿದವರೆಲ್ಲ ಆಸ್ಪತ್ರೆ ಸೇರುವುದಿಲ್ಲ. ಆದರೆ ಹುಟ್ಟಿನಿಂದಲೇ ಹೃದಯದಲ್ಲಿ ಅಡಗಿದ ದೋಷವಿರುವವರಿಗೆ ಅದು ಇರುವುದೇ ಬಹಳ ಸಲ ತಿಳಿದಿರುವುದಿಲ್ಲ. ಮದ್ಯದೊಡನೆ ಇದನ್ನು ಬೆರೆಸುವವರ ವಿಷಯ ಬೇರೆ. ಅಲ್ಲಿ ಅಮಲು ಇಳಿಯದೆ ಅಮಲಿನ ಅರಿವು ಮಾತ್ರ ಇಳಿಯುತ್ತದೆ.

ಮಕ್ಕಳ ವಿಷಯದಲ್ಲಿ ಹೊರದೇಶಗಳು ಕಠಿಣವಾಗುತ್ತಿವೆ. ಲಿಥುವೇನಿಯಾ 2014ರಲ್ಲಿ, ಲಾಟ್ವಿಯಾ 2016ರಲ್ಲಿ, ಪೋಲೆಂಡ್ 2024ರ ಜನವರಿಯಲ್ಲಿ ಹದಿನೆಂಟು ತುಂಬದವರಿಗೆ ಇದರ ಮಾರಾಟವನ್ನು ನಿಷೇಧಿಸಿದವು. ಮಕ್ಕಳ ಮತ್ತು ಹದಿಹರೆಯದವರ ಆಹಾರದಲ್ಲಿ ಇದಕ್ಕೆ ಸ್ಥಾನವೇ ಇಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿಯೇ ಹೇಳಿತ್ತು. ಇಲ್ಲಿ ಶಾಲೆ ಬಿಟ್ಟು ಬರುವ ಹುಡುಗ 20 ರೂಪಾಯಿ ಹಿಡಿದು ಬಂದರೆ ಅಂಗಡಿಯವರು ವಯಸ್ಸು ಕೇಳುವುದಿಲ್ಲ. ಚೀಟಿಯ ಮೇಲೆ ಮಕ್ಕಳಿಗಲ್ಲ ಎಂದು ಬರೆದು, ಬೆಲೆಯನ್ನು ಮಕ್ಕಳ ಕಿಸೆಗೆ ಹೊಂದಿಸಿಡುವುದು ವ್ಯಾಪಾರವೇ ಇರಬಹುದು, ಸತ್ಯಶುದ್ಧ ಕಾಯಕವಂತೂ ಅಲ್ಲ.

ಆಸ್ಪತ್ರೆಯಿಂದ ಬಂದ ಯುವಕ ಎರಡು ದಿನದ ಮಟ್ಟಿಗೆ ಊರಿಗೆ ಹೋದ. ಮನೆಯಲ್ಲಿ ನಡೆದುದನ್ನು ಹೇಳಲಿಲ್ಲ. ಆದರೆ ಊಟಕ್ಕೆ ಕುಳಿತಾಗ ತಾಯಿಯ ಕಣ್ಣಿಗೆ ಬಿತ್ತು.

"ಯಾಕೋ ತಮ್ಮಾ, ಕೈ ನಡಗಾಕತ್ತಾವಲ್ಲ? ಅಲ್ಲಿ ಹೊಟ್ಟಿತುಂಬ ಉಣ್ಣಾಂಗಿಲ್ಲೇನು?"

"ಉಣ್ಣತೇನವ್ವಾ. ಓದೂದು ಭಾಳ ಐತಿ, ನಿದ್ದಿ ಕಡಿಮಿ ಆಗೇತಿ, ಅಷ್ಟ."

ತಂದೆ ಮಾತನಾಡಲಿಲ್ಲ. ಅಂದು ಸೋಮವಾರ. ಎತ್ತುಗಳು ಅಂಗಳದ ಬೇವಿನ ಮರದ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಬಿತ್ತನೆಯ ಅವಸರವೇ ಇರಲಿ, ಹದ ಮೀರುವ ಭಯವೇ ಇರಲಿ, ಆ ಸೀಮೆಯ ಒಕ್ಕಲಿನ ಮನೆಗಳಲ್ಲಿ ಸೋಮವಾರ ಎತ್ತುಗಳ ಕೊರಳಿಗೆ ನೊಗ ಏರುವುದಿಲ್ಲ. ಅದು ಬಸವಣ್ಣನ ವಾರ. ಕೈ ತೊಳೆದು ಹೊರಗೆ ಬಂದ ಮಗನಿಗೆ ತಂದೆ ಎತ್ತುಗಳ ಕಡೆ ನೋಡುತ್ತಲೇ ಕೇಳಿದರು: "ಅವಕ್ಕ ಸೋಮಾರ ಐತಿ. ನಿನಗ ಯಾವ ವಾರ ಬಿಡುವೋ ತಮ್ಮಾ?"

ಒಕ್ಕಲಿಗನಿಗೆ ಬಾರುಕೋಲೂ ಗೊತ್ತು, ಮೇವೂ ಗೊತ್ತು. ಏರು ದಾರಿಯಲ್ಲಿ ಬಂಡಿ ನಿಂತಾಗ ಬಾರುಕೋಲು ಬೀಸಿದರೆ ಎತ್ತು ಹತ್ತು ಹೆಜ್ಜೆ ಎಳೆಯುತ್ತದೆ. ಆ ಹತ್ತು ಹೆಜ್ಜೆಯ ಬಲ ಬಾರುಕೋಲಿನದಲ್ಲ, ಹಿಂದಿನ ರಾತ್ರಿ ತಿಂದ ಕಣಿಕೆಯದು. ಬಾರುಕೋಲನ್ನೇ ಮೇವೆಂದು ನಂಬಿ ಗೋದಲಿಯಲ್ಲಿಟ್ಟ ರೈತನನ್ನು ಯಾರೂ ಕಂಡಿಲ್ಲ. ಕೆಫೀನ್ ಒಂದು ಬಾರುಕೋಲು. ಅಪರೂಪಕ್ಕೆ, ಅಳತೆಯಲ್ಲಿ, ಹಗಲಿನಲ್ಲಿ ಅದರಿಂದ ಕೆಲಸವಾಗುತ್ತದೆ. ಅದನ್ನು ಎನರ್ಜಿ ಎಂಬ ಹೆಸರಿನಿಂದ ಮೇವೆಂದು ಮಾರುವಲ್ಲಿಯೇ ಮೋಸವಿರುವುದು.

ಶರಣರು ಕಾಯವನ್ನು ಹೇಯವೆಂದು ಬಗೆದವರಲ್ಲ. ದಂಡನೆಯ ವ್ರತಗಳಿಂದ ದೇಹವನ್ನು ಬಾಡಿಸುವುದನ್ನು ಅವರು ಒಪ್ಪಲಿಲ್ಲ; ಅಂಗವೇ ಲಿಂಗಕ್ಕೆ ಆಶ್ರಯವೆಂದರು. ಸೇವಿಸುವ ಪ್ರತಿಯೊಂದನ್ನೂ ಇಷ್ಟಲಿಂಗಕ್ಕೆ ಅರ್ಪಿಸಿ, ಪ್ರಸಾದವಾಗಿ ಸ್ವೀಕರಿಸಬೇಕೆಂದು ವಿಧಿಸಿದರು. ಹಾಗಾದರೆ ಈ ಬಾಟಲಿಯನ್ನೂ ಅರ್ಪಿಸಿ ಕುಡಿದರಾಯಿತಲ್ಲ ಎಂದು ಚೇಷ್ಟೆಯ ಪ್ರಶ್ನೆಯೊಂದು ಏಳಬಹುದು. ಪ್ರಸಾದತತ್ತ್ವ ಪದಾರ್ಥದ ಜಾತಿಯನ್ನು ಕೇಳುವುದಕ್ಕಿಂತ ಸ್ವೀಕರಿಸುವವನ ಅವಧಾನವನ್ನು ಕೇಳುತ್ತದೆ. ಅರ್ಪಣೆಗೆ ಒಂದು ಕ್ಷಣ ನಿಲ್ಲಬೇಕು. ಇದು ನನಗೆ ಬೇಕೇ, ಎಷ್ಟು ಬೇಕು ಎಂದು ಆ ಕ್ಷಣದಲ್ಲಿ ಕಾಣಬೇಕು. ಹಸಿದವನು ಅನ್ನವನ್ನು ಅರ್ಪಿಸಬಲ್ಲ, ಬಾಯಾರಿದವನು ನೀರನ್ನು ಅರ್ಪಿಸಬಲ್ಲ. ನಿದ್ರೆ ಬೇಡುವ ದೇಹಕ್ಕೆ ನಿದ್ರೆಯನ್ನು ಕೊಡದೆ, ಬೇಡಿಕೆಯ ದನಿಯನ್ನೇ ಅಡಗಿಸುವವನು ಯಾವುದನ್ನು ಅರ್ಪಿಸಿದಂತಾಯಿತು? ನಾಳೆಯ ಎಚ್ಚರವನ್ನು ಇಂದೇ ತಂದು ಖರ್ಚು ಮಾಡುವುದು ಮಹಾಮನೆಯ ಅಂಗಳದಿಂದ ಹೆಚ್ಚಿನ ಅಕ್ಕಿ ತಂದಂತೆಯೇ. ಮಾರಯ್ಯನವರ ಅಕ್ಕಿಯಾದರೂ ದಾಸೋಹಕ್ಕೆಂದು ತಂದದ್ದು. ಲಕ್ಕಮ್ಮನವರು ಅದನ್ನೂ ಒಪ್ಪಲಿಲ್ಲ.

ಯುವಕ ಧಾರವಾಡಕ್ಕೆ ಮರಳಿದ ಮೇಲೆ ಬಾಟಲಿಯನ್ನು ಒಮ್ಮೆಗೇ ಬಿಟ್ಟ. ವೈದ್ಯರು ನಿಧಾನವಾಗಿ ಇಳಿಸೆಂದು ಹೇಳಿದ್ದರು, ಹಟದಿಂದ ಕೇಳಲಿಲ್ಲ. ಮರುದಿನವೇ ತಲೆನೋವು ಹಿಡಿಯಿತು. ನಿತ್ಯ ಕೆಫೀನ್ ಸೇವಿಸುವವರು ತಟ್ಟನೆ ನಿಲ್ಲಿಸಿದರೆ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಗಳಲ್ಲಿ ತಲೆನೋವು, ಮಂಕು, ಸಿಡುಕು ಆರಂಭವಾಗುವುದು, ಎರಡರಿಂದ ಒಂಬತ್ತು ದಿನ ಇರುವುದು ಸಾಮಾನ್ಯ. ಪರೀಕ್ಷೆಯ ಹೊಸ್ತಿಲಲ್ಲಿ ನಾಲ್ಕು ದಿನ ಓದೇ ಆಗಲಿಲ್ಲ. ಐದನೆಯ ರಾತ್ರಿ ಹತ್ತೂವರೆಗೆ ಮಲಗಿದವನು ಬೆಳಗಿನ ಐದೂವರೆಗೆ ಎದ್ದ. ಉಳಿದ ದಿನಗಳಲ್ಲಿ ದಿನಕ್ಕೆ ಒಂಬತ್ತು ಗಂಟೆ ಓದಿದ. ಮೊದಲು ಹದಿನಾಲ್ಕು ಓದುತ್ತಿದ್ದ. ಗೋಡೆಯ ಹಾಳೆಯನ್ನು ತೆಗೆಯಲಿಲ್ಲ. ಅದರ ಕೆಳಗೆ ಲಕ್ಕಮ್ಮನವರ ಒಂದು ವಚನವನ್ನು ಸಣ್ಣಕ್ಷರದಲ್ಲಿ ಬರೆದು ಹಚ್ಚಿದ.

ಪರೀಕ್ಷೆ ಮುಗಿದಿದೆ, ಫಲಿತಾಂಶ ಬಂದಿಲ್ಲ. ನಿಲಯದಲ್ಲಿ ಬಾಟಲಿಗಳು ಇನ್ನೂ ಇವೆ. ಬೆಳಿಗ್ಗೆ ಕಸ ಗುಡಿಸುವ ಅಜ್ಜಿ ಅವನ್ನು ಚೀಲದಲ್ಲಿ ತುಂಬಿಕೊಂಡು ಹೋಗುತ್ತಾಳೆ. ಯುವಕ ಯಾರಿಗೂ ಉಪದೇಶ ಮಾಡಲು ಹೋಗಿಲ್ಲ. ಬಿಡಬೇಕೆಂದಿದ್ದೇನೆ, ತಲೆನೋವಿಗೆ ಏನು ಮಾಡುವುದು ಎಂದು ಪಕ್ಕದ ಹಾಸಿಗೆಯ ಹುಡುಗ ಕೇಳಿದಾಗ ಮಾತ್ರ ಹೇಳಿದ: "ನನ್ನಂಗ ಒಮ್ಮಿಗೇ ಬಿಡಬ್ಯಾಡ. ಈ ವಾರ ಎರಡ ಕುಡಿ, ಮುಂದಿನ ವಾರ ಒಂದ. ಸಂಜಿ ಆದಮ್ಯಾಲ ಮುಟ್ಟಬ್ಯಾಡ. ನೀರ ಭಾಳ ಕುಡಿ. ಮತ್ತ ಹತ್ತೂವರಿಗೆ ನನ್ನ ಲೈಟ್ ಆರಿಸ್ತೇನಿ, ನೀನೂ ಆರಸು."